ತಿಂಗಳಿಗೆ ಐದು ದಿವಸ

ದತ್ತಾತ್ರೇಯ ಅನಗವಾಡಿಯ ಹತ್ತಿರ ಒಂದು ವಹಿ ಇತ್ತು. ಬಾಡಿಗೆಗೆ ಮನೆ ಹಿಡಿಯುವ ಮುಂಚೆ ಕೇಳಬೇಕಾದ ಪ್ರಶ್ನೆಗಳನ್ನೆಲ್ಲ ಆತ ಅದರಲ್ಲಿ ನಂಬರು ಹಾಕಿ ಬರೆದಿಟ್ಟಿದ್ದ. ಒಟ್ಟು ನಲವತ್ತಮೂರು ಪ್ರಶ್ನೆ. ಅಷ್ಟೂ ಪ್ರಶ್ನೆ ಕೇಳಿ ಹಿಡಿದ ಮನೆಯಲ್ಲಿ ಆತನಿಗೆ ಏನಾಯಿತೆಂಬುದನ್ನು ಹೇಳುತ್ತೇನೆ. ನಗುವವರು ನಗಬಹುದು. ಆಗ ಜಮಖಂಡಿ ಊರೆಲ್ಲ ನಕ್ಕಿತ್ತು, ಮೊದಲೆರಡು ತಿಂಗಳು ನಾನೂ ನಕ್ಕಿದ್ದೆ.

ಸಂಸ್ಥಾನಗಳು ಮುಂಬಯಿ ಸರಕಾರದಲ್ಲಿ ಕೂಡಿಹೋಗಿ ನಾಲ್ಕು ವರ್ಷವಾಗಿತ್ತು. ದತ್ತಾತ್ರೇಯ ಮುಧೋಳದಲ್ಲಿ ಮನೆ ಜಾಗಗಳ ಅಳತೆ ಬರೆಯುವ ಕಾರಕೂನನಾಗಿದ್ದ. ಅಲ್ಲಿಂದ ಅವನನ್ನು ಜಮಖಂಡಿಗೆ ವರ್ಗ ಮಾಡಿದರು. ನಾನು ಅದೇ ಕಟ್ಟಡದ ಪಕ್ಕದ ಕೋಣೆಯಲ್ಲಿ ಜನನ ಮರಣದ ದಫ್ತರ ಬರೆಯುತ್ತಿದ್ದೆ. ಹುಟ್ಟಿದವರನ್ನು ಎಡಗಡೆಯ ಹಾಳೆಯಲ್ಲಿ, ಸತ್ತವರನ್ನು ಬಲಗಡೆಯ ಹಾಳೆಯಲ್ಲಿ ಬರೆಯುವುದು ನನ್ನ ಕೆಲಸ. ಹದಿನಾಲ್ಕು ವರ್ಷ ಅದನ್ನೇ ಮಾಡಿ ನನ್ನ ಮೋರೆ ಸದಾ ಸೂತಕದವರ ಮೋರೆಯಾಗಿದೆ ಎಂದು ನನ್ನ ಹೆಂಡತಿಯ ತಕರಾರು. ಮನೆ ಹುಡುಕುವ ಮಂಗಲ ಕಾರ್ಯಕ್ಕೆ ದತ್ತಾತ್ರೇಯ ಅಂಥ ನನ್ನನ್ನೇ ಜೊತೆಗೆ ಕರೆದ. ಇದರ ಮೇಲೇ ಅವನ ತಿಳಿವಳಿಕೆಯ ಅಳತೆ ಗೊತ್ತಾಗಬೇಕು.

ವಹಿಯ ಮೊದಲನೆಯ ಪ್ರಶ್ನೆ: ಈ ಮನೆಯಲ್ಲಿ ಯಾರಾದರೂ ಸತ್ತಿದ್ದಾರೆಯೇ? ಒಂಬತ್ತನೆಯದು: ಮಾಳಿಗೆಗೆ ಮಣ್ಣು ಹಾಕಿಸಿ ಎಷ್ಟು ವರ್ಷವಾಯಿತು? ಹದಿನೇಳನೆಯದು: ಗೋಡೆಗೆ ಕಿವಿಗೊಟ್ಟರೆ ಪಕ್ಕದ ಮನೆಯ ಜಗಳ ಕೇಳಿಸುತ್ತದೆಯೇ, ಕೇಳಿಸಿದರೆ ಅದು ಕನ್ನಡದಲ್ಲೋ ಮರಾಠಿಯಲ್ಲೋ? ಮೂವತ್ತೊಂದನೆಯದು: ಹಿಂದಿನ ಬಾಡಿಗೆದಾರ ಮನೆ ಬಿಡುವಾಗ ಅತ್ತನೇ, ನಕ್ಕನೇ? ಮನೆಯ ಮಾಲೀಕರು ಹತ್ತನೆಯ ಪ್ರಶ್ನೆಯವರೆಗೆ ಉತ್ತರ ಕೊಡುತ್ತಿದ್ದರು. ಆಮೇಲೆ ನನ್ನ ಮೋರೆ ನೋಡುತ್ತಿದ್ದರು. ಆಮೇಲೆ ಮನೆ ಯಾರಿಗೋ ಮಾತಾಗಿದೆ ಎನ್ನುತ್ತಿದ್ದರು.

ತೇರದಾಳದ ಕಡೆಯ ಅಕ್ಕಮ್ಮ ಎಂಬ ಜೈನರ ಹೆಣ್ಣುಮಗಳು ನಮ್ಮ ಊರಿನಲ್ಲಿ ಮೈದುನ ಜಿನ್ನಪ್ಪನ ಜೊತೆಗಿದ್ದಳು. ಆಕೆಯ ಮನೆಯ ಹಿಂದೆ ಎರಡು ಖೋಲಿ ಖಾಲಿ ಇದ್ದವು. ಆಕೆ ಮಾತ್ರ ಎಲ್ಲಾ ನಲವತ್ತಮೂರಕ್ಕೂ ಸಮಾಧಾನದಿಂದ ಉತ್ತರ ಕೊಟ್ಟಳು. ಕೊಟ್ಟು, ತಾನೂ ನಾಲ್ಕು ಕೇಳಿದಳು. ಹೊತ್ತು ಮುಳುಗಿದ ಮೇಲೆ ಉಣ್ಣುತ್ತೀರೇನು, ಉಳ್ಳಾಗಡ್ಡಿ ತಿನ್ನುತ್ತೀರೇನು, ನೀರು ಸೋಸದೆ ಕುಡಿಯುತ್ತೀರೇನು, ಕಟ್ಟಿಗೆಯಲ್ಲಿನ ಇರುವೆ ಝಾಡಿಸದೆ ಒಲೆಗೆ ಇಡುತ್ತೀರೇನು? ದತ್ತಾತ್ರೇಯ ಸುಳ್ಳು ಬಾರದವನು. ನಾಲ್ಕಕ್ಕೂ ಹೌದೆಂದ.

"ನನ್ನ ಮನಿ ನಿಮಗ ಸೇರೇತ್ರಿ," ಎಂದಳು ಅಕ್ಕಮ್ಮ. "ನೀವು ನನಗ ಸೇರಲಿಲ್ಲ."

ಓಣಿಯಲ್ಲಿ ಇದನ್ನು ಹೇಳಿ ಹೇಳಿ ನಗುವವರಿಗೆ ಒಂದು ಸಂಗತಿ ಗೊತ್ತಿರಲಿಲ್ಲ. ನನಗೆ ದತ್ತಾತ್ರೇಯನೇ ಹೇಳಿದ್ದ. ಮುಧೋಳದಲ್ಲಿ ಅವನಿಗೆ ಎರಡು ಮಕ್ಕಳಾಗಿದ್ದವು. ಮೊದಲನೆಯದು ಹನ್ನೊಂದು ದಿನ ಇತ್ತು, ಎರಡನೆಯದು ನಲವತ್ತು ದಿನ. ಮೊದಲನೆಯ ಮನೆಯ ಗೋಡೆ ಜಿನುಗುತ್ತಿತ್ತು, ಎರಡನೆಯ ಮನೆಯ ಬಾವಿ ಕೆಟ್ಟಿತ್ತು. ಮಕ್ಕಳನ್ನು ಕೊಂದದ್ದು ಮನೆಗಳು ಎಂದು ಅವನ ತಲೆಯಲ್ಲಿ ಕೂತುಬಿಟ್ಟಿತ್ತು. ಎರಡನೆಯ ಕೂಸನ್ನು ಮಣ್ಣು ಮಾಡಿ ಬಂದ ವಾರ ಆ ವಹಿ ಕೊಂಡಿದ್ದ. ಈಗ ಅವನ ಹೆಂಡತಿ ಶುಭದಾಗೆ ಮತ್ತೆ ಆರು ತಿಂಗಳು. ಆಕೆಗೆ ತಾಯಿಲ್ಲ, ತವರಿಲ್ಲ. ಹಿಡಿಯುವ ಮನೆಯಲ್ಲೇ ಬಾಣಂತನ ಆಗಬೇಕು. ಆಕೆ ಎರಡನೆಯ ಕೂಸು ಹೋದಾಗಿನಿಂದ ಹೂಂ, ಉಹೂಂ ಬಿಟ್ಟರೆ ಮೂರನೆಯ ಮಾತು ಆಡಿರಲಿಲ್ಲವಂತೆ, ನಾನೂ ಕೇಳಿರಲಿಲ್ಲ.

ಕೊನೆಗೆ ಪಾಂಡುರಂಗರಾಯರ ಮನೆ ಸಿಕ್ಕಿತು. ರಾಯರು ಸಂಸ್ಥಾನದ ಕಾಲದಲ್ಲಿ ದೊಡ್ಡ ಹುದ್ದೆಯಲ್ಲಿದ್ದವರು. ಸಂಸ್ಥಾನ ಹೋದರೂ ಕಾಯಿಪಲ್ಲೆ ತರಲು ಹೋಗುವಾಗ ಜರಿ ರುಮಾಲು ಸುತ್ತಿಕೊಂಡೇ ಹೋಗುತ್ತಿದ್ದರು. ಒಂದೇ ಓಣಿಯಲ್ಲಿ ಅವರವು ಎರಡು ಮನೆ. ಒಂದರಲ್ಲಿ ತಾವಿದ್ದರು, ಆರು ಮನೆ ಆಚೆ ಅಕ್ಕಮ್ಮನ ಮನೆಯ ಎದುರಿನದು ಬಾಡಿಗೆಗೆ. ಇವೆರಡಕ್ಕಿಂತ ಅವರಿಗೆ ಹೆಚ್ಚಿನದು ತಾವಿರುವ ಮನೆಯ ಮುಂದಿನ ಕಲ್ಲುಕಟ್ಟೆ. ಅದು ರಸ್ತೆಯಲ್ಲಿ ಬಂದಿದೆ ಎಂದು ಸರಕಾರ, ಇಲ್ಲವೆಂದು ರಾಯರು. ನಾಲ್ಕು ವರ್ಷದಿಂದ ಅರ್ಜಿಯ ಮೇಲೆ ಅರ್ಜಿ. "ಸದರ ಕಟ್ಟೆಯು ಅಜ್ಜನ ಕಾಲದಿಂದ ನಮ್ಮ ಮನೆಯೊಳಗಿನ ಭಾಗವೇ ಆಗಿದ್ದು, ಅದರ ಮೇಲೆ ಕೂತವನು ನಮ್ಮ ಮನೆಯೊಳಗೆ ಕೂತಂತೆಯೇ" ಎಂದು ಬರೆದು ಸಹಿ ಮಾಡಿದ್ದರು. ಆ ಕಾಗದ ಈಗ ದತ್ತಾತ್ರೇಯನ ಮೇಜಿಗೆ ಬಂದಿತ್ತು.

ರಾಯರು ನಲವತ್ತಮೂರಕ್ಕೂ ಒಳ್ಳೇ ಉತ್ತರ ಕೊಟ್ಟರು, ದತ್ತಾತ್ರೇಯ ಒಂದೊಂದನ್ನೂ ವಹಿಯಲ್ಲಿ ಬರೆದುಕೊಂಡ. ಯಾರೂ ಸತ್ತಿಲ್ಲ. ಮಣ್ಣು ಹೋದ ವರ್ಷ ಹಾಕಿಸಿದ್ದು. ಪಕ್ಕದವರು ಜಗಳಾಡುವುದಿಲ್ಲ. ಹಿಂದಿನ ಬಾಡಿಗೆದಾರ ಅತ್ತನೋ ನಕ್ಕನೋ ನೋಡಲಿಲ್ಲ, ಆತ ಅವಸರದಲ್ಲಿದ್ದ. ಬಾವಿಯ ನೀರನ್ನು ದತ್ತಾತ್ರೇಯ ಬಾಯಿಗೆ ಹಾಕಿಕೊಂಡು, ನುಂಗದೆ, ಒಂದು ನಿಮಿಷ ಕಣ್ಣು ಮುಚ್ಚಿ ನಿಂತ. ಸಿಹಿ ನೀರು. ಅವನ ಮುಖದಲ್ಲಿ ನಾನು ಮೊದಲ ಸಲ ನಗೆ ಕಂಡೆ.

ಏಳುವ ಹೊತ್ತಿಗೆ ರಾಯರು ಒಂದು ಮಾತು ಸೇರಿಸಿದರು. ರಸ್ತೆಯ ಕಡೆಗಿರುವ ಸಣ್ಣ ಖೋಲಿಯ ಕೀಲಿ ತಮ್ಮ ಹತ್ತಿರ ಇರುತ್ತದೆ. "ತಿಂಗಳಿಗೆ ಐದು ದಿವಸ ನಮ್ಮ ಮನಿ ಹೆಣ್ಣಮಗಳೊಬ್ಬರು ಅಲ್ಲಿ ಇರ್ತಾರ," ಎಂದರು.

ದತ್ತಾತ್ರೇಯ ನೆಲ ನೋಡಿದ. ನಾನೂ ನೆಲ ನೋಡಿದೆ. ನಮ್ಮಂಥವರ ಮನೆಗಳಲ್ಲಿ ಹೆಂಗಸರು ತಿಂಗಳಿಗೆ ಇಷ್ಟು ದಿನವೆಂದು ಹೊರಗೆ ಕೂರುತ್ತಾರೆ. ಮಡಿಯ ಮನೆಯವರು ಅದಕ್ಕೆಂದೇ ಒಂದು ಖೋಲಿ ಇಡುತ್ತಾರೆ. ಪರರ ಮನೆಯ ಹಿರಿಯನೆದುರು ಕೂತು ಆ ವಿಷಯ ಕೆದಕಲು ಯಾವ ಮರ್ಯಾದಸ್ಥನಿಗೂ ಬಾಯಿ ಬರುವುದಿಲ್ಲ. ನಲವತ್ತನಾಲ್ಕನೆಯ ಪ್ರಶ್ನೆ ಅಲ್ಲೇ ನಮ್ಮೆದುರಿಗೆ ಬಿದ್ದಿತ್ತು, 'ಯಾರು' ಎಂಬ ಒಂದೇ ಶಬ್ದ. ಇಬ್ಬರೂ ಅದನ್ನು ದಾಟಿ, ಚಪ್ಪಲಿ ಮೆಟ್ಟಿಕೊಂಡು ಹೊರಗೆ ಬಂದೆವು. ಉಳಿದವರಿಗೆ ಮೂರು ನಾಲ್ಕು ದಿನ ಸಾಕಾದರೆ ಇವರಿಗೆ ಐದು ಯಾಕೆ ಬೇಕು ಎಂದು ದಾರಿಯಲ್ಲಿ ನನಗೆ ಅನಿಸಿತು. ಬಹಳ ಮಡಿವಂತರು ಎಂದ ದತ್ತಾತ್ರೇಯ.

ಮನೆ ಹೊಕ್ಕು ಹತ್ತೊಂಬತ್ತು ದಿನವಾಗಿತ್ತು. ಬೆಳಿಗ್ಗೆ ಯಾರೋ ಮುಂದಿನ ಖೋಲಿಯ ಬೀಗ ತೆಗೆಯುವ ಸಪ್ಪಳ ಕೇಳಿ ಶುಭದಾ ಬಾಗಿಲಿಗೆ ಬಂದಳು. ನಾಲ್ಕು ಆಳುಗಳು ಒಂದು ಹೊರಸು ಹೊತ್ತು ತರುತ್ತಿದ್ದರು. ಅದರ ಮೇಲೆ ಕೆಂಪು ಸೀರೆಯ, ಬೋಳು ತಲೆಯ ಒಬ್ಬ ಅಜ್ಜಿ ಕಣ್ಣು ಮುಚ್ಚಿ ಮಲಗಿದ್ದಳು. ಹೆಣವೆಂದೇ ತಿಳಿದು ಶುಭದಾ ಚೌಕಟ್ಟು ಹಿಡಿದು ನಿಂತಳು. ಹೆಣ ಕಣ್ಣು ತೆರೆದು ಆಕೆಯ ಹೊಟ್ಟೆ ನೋಡಿತು.

"ಎಷ್ಟನೇ ತಿಂಗಳು?"

ಆರು ಮುಗಿಯಿತು ಎಂದಳು ಶುಭದಾ.

"ಹಂಗಾರ ಬಾಗಲದಾಗ ನಿಂದರಬ್ಯಾಡ. ಗಾಳಿ ಬಡೀತದ."

ಅದು ರಾಯರ ತಾಯಿ ಮಥುರಾಬಾಯಿ. ವಯಸ್ಸು ಎಂಬತ್ತನಾಲ್ಕು. ಆಳುಗಳು ಹೊರಸು ಇಳಿಸಿ ಹೋದರು. ರಾಯರ ಹುನ್ನೂರಿನ ಹೊಲ ಮಾಡುವ ರಾಚಪ್ಪ ಎಂಬವನು ಮಾತ್ರ ಹೊಸ್ತಿಲ ಮೇಲೆ ಕೂತ. ನಿನ್ನ ಕೆಲಸವೇನೆಂದು ದತ್ತಾತ್ರೇಯ ಕೇಳಿದ. ಅಮ್ಮನವರು ಹೋದ ಕೂಡಲೆ ಓಡಿಹೋಗಿ ಸುದ್ದಿ ಮುಟ್ಟಿಸುವುದು ಎಂದ ರಾಚಪ್ಪ. ಅಲ್ಲಿಯವರೆಗೆ ಕೂತಿರುವುದು.

ದತ್ತಾತ್ರೇಯ ಶರ್ಟಿನ ಗುಂಡಿ ತಪ್ಪು ತಪ್ಪಾಗಿ ಹಾಕಿಕೊಂಡು ಆರು ಮನೆ ಓಡಿದ. ರಾಯರು ಅವನನ್ನು ಕಟ್ಟೆಯ ಮೇಲೆ ಕೂರಿಸಿ ಸಾವಕಾಶ ತಿಳಿಸಿದರು. ಪ್ರತಿ ಇಪ್ಪತ್ತೇಳು ದಿನಕ್ಕೊಮ್ಮೆ ಚಂದ್ರ ಧನಿಷ್ಠಾ ನಕ್ಷತ್ರಕ್ಕೆ ಬಂದಾಗ ಧನಿಷ್ಠಾ ಪಂಚಕ ಹಿಡಿಯುತ್ತದೆ. ಆ ಐದು ದಿನದಲ್ಲಿ ಮನೆಯಲ್ಲಿ ಯಾರಾದರೂ ಸತ್ತರೆ ಆ ಮನೆಗೆ ಆರು ತಿಂಗಳು ಬೀಗ. ಒಲೆ ಹೊತ್ತಬಾರದು, ದೀಪ ಹಚ್ಚಬಾರದು. ತಮ್ಮ ಮನೆಯಲ್ಲಿ ಹನ್ನೊಂದು ಜನ, ದೇವರು, ನೆಲದೊಳಗಿನ ಹಗೇವಿನಲ್ಲಿ ಜೋಳ. ಎಲ್ಲವನ್ನೂ ಹೊತ್ತು ಎಲ್ಲಿಗೆ ಹೋಗುವುದು? ತಾಯಿಯವರಿಗೆ ಎರಡು ದಿನ ಎಂದು ವೈದ್ಯರು ಹೇಳಿ ಹದಿನಾರು ತಿಂಗಳಾಯಿತು. ಅದಕ್ಕೇ ಪಂಚಕದ ಐದು ದಿನ ಅವರನ್ನು ಆ ಮನೆಯಲ್ಲಿ ಇಡುವುದು.

"ಒಂದನೇ ಪ್ರಶ್ನೆಕ್ಕ ನೀವು ಯಾರೂ ಸತ್ತಿಲ್ಲ ಅಂದಿದ್ರಿ," ಎಂದ ದತ್ತಾತ್ರೇಯ.

"ಸತ್ತಿಲ್ಲಲ್ಲ. ಹದಿನಾರು ತಿಂಗಳಿಂದ ಸತ್ತಿಲ್ಲ. ಅದ ತ್ರಾಸ ಆಗ್ಯದ."

"ಅವರು ನಮ್ಮ ಮನ್ಯಾಗ ಹೋದ್ರ, ನಾ ಎಲ್ಲಿ ಹೋಗಬೇಕ್ರಿ?"

"ನೀವು ಬಾಡಿಗಿಯವರು," ಎಂದರು ರಾಯರು ಬಹಳ ಸಮಾಧಾನದಿಂದ. "ಇನ್ನೊಂದು ಮನಿ ಹಿಡೀರಿ. ಪ್ರಶ್ನೆ ಹೆಂಗೂ ಬರದಿಟ್ಟೀರಿ."

ಓಣಿಗೆಲ್ಲ ಇದು ಗೊತ್ತಿತ್ತು. ಯಾಕೆ ಮೊದಲೇ ಹೇಳಲಿಲ್ಲವೆಂದು ದತ್ತಾತ್ರೇಯ ಎದುರು ಮನೆಯ ಅಕ್ಕಮ್ಮನನ್ನು ಕೇಳಿದ. ನೀವು ಇರುವೆಯ ಕಾಲು ಎಣಿಸುವಂಥ ಪ್ರಶ್ನೆ ಕೇಳುವವರು, ಇದನ್ನು ಕೇಳಿರಲಿಕ್ಕಿಲ್ಲ ಎಂದು ನಮಗೆ ಹೇಗೆ ಹೊಳೆಯಬೇಕು ಎಂದಳು. ಹಿಂದಿನ ಬಾಡಿಗೆದಾರ ಅತ್ತದ್ದನ್ನು ತಾನು ಕಣ್ಣಾರೆ ಕಂಡಿದ್ದಾಗಿಯೂ, ಆತ ಹೋಗುವಾಗ ಒಂದು ಕೊಡ ಮರೆತು ಹೋದದ್ದಾಗಿಯೂ ಹೇಳಿದಳು.

ದತ್ತಾತ್ರೇಯ ಮಾಮಲೇದಾರ ಸಾಹೇಬರ ಹತ್ತಿರ ಹೋದ. ಸಾಹೇಬರು ನ್ಯಾಯವಂತರು. ಬಾಡಿಗೆ ಕಾಯ್ದೆಯ ಪುಸ್ತಕ ತರಿಸಿ, ಕನ್ನಡಕ ಹಾಕಿ, ಕಲಮು ಕಲಮಾಗಿ ನೋಡಿದರು. ಮಾಲೀಕ ನೀರು ನಿಲ್ಲಿಸಬಾರದು, ಒಕ್ಕಲೆಬ್ಬಿಸಬಾರದು ಎಂದೆಲ್ಲ ಇತ್ತು. ಮಾಲೀಕನ ತಾಯಿ ಬಾಡಿಗೆದಾರನ ಖೋಲಿಯಲ್ಲಿ ಸಾಯಬಾರದೆಂದು ಎಲ್ಲೂ ಇರಲಿಲ್ಲ. ಕೊನೆಗೆ ಅವರು, ಆ ಬಾಯಿಯವರು ಈಗಾಗಲೇ ಸತ್ತಿದ್ದಾರೆಯೇ ಎಂದು ಕೇಳಿದರು. ಇಲ್ಲವೆಂದ ದತ್ತಾತ್ರೇಯ. ಹಾಗಾದರೆ ತಕರಾರು ಅವಧಿಗೆ ಮುಂಚಿನದು, ಸತ್ತ ಮೇಲೆ ಬನ್ನಿ ಎಂದು ಪುಸ್ತಕ ಮುಚ್ಚಿದರು.

ಬೇರೆ ಮನೆ ಹುಡುಕಿದೆವು. ವಹಿಯ ಕೀರ್ತಿ ಅಷ್ಟರಲ್ಲಿ ರಬಕವಿಯಿಂದ ಬೀಳಗಿಯವರೆಗೆ ಹಬ್ಬಿತ್ತು. ನಮ್ಮಿಬ್ಬರನ್ನು ದೂರದಿಂದ ಕಂಡೇ ಜನ ಬಾಗಿಲಿಗೆ ಬೀಗ ಹಾಕಿ ಹೊಲಕ್ಕೆ ಹೋಗುತ್ತಿದ್ದರು.

ಹೀಗಾಗಿ ದತ್ತಾತ್ರೇಯ ಆ ಐದು ದಿನ ಹೆದರಿಕೊಂಡು ಕಳೆದ. ಬೆಳಿಗ್ಗೆ ಎದ್ದ ಕೂಡಲೆ ಮುಖ ಸಹ ತೊಳೆಯದೆ ದೇವರ ಗೂಡಿನಿಂದ ಒಂದು ಎಳೆ ಅರಳೆ ತೆಗೆದುಕೊಂಡು ಮುಂದಿನ ಖೋಲಿಗೆ ಹೋಗುತ್ತಿದ್ದ. ಅಜ್ಜಿಯ ಮೂಗಿನ ಹತ್ತಿರ ಹಿಡಿದು, ಅದು ಅಲುಗುವುದೋ ಇಲ್ಲವೋ ಎಂದು ತನ್ನ ಉಸಿರು ಬಿಗಿಹಿಡಿದು ನೋಡುತ್ತಿದ್ದ. ಮೂರನೆಯ ದಿನ ಅಜ್ಜಿ ಕಣ್ಣು ಮುಚ್ಚಿಕೊಂಡೇ ಮಾತಾಡಿದಳು.

"ಇನ್ನೂ ಇದ್ದೇನಪಾ. ನೀ ಕಚೇರಿಗೆ ಹೋಗು."

ಆರನೆಯ ದಿನ ಆಳುಗಳು ಬಂದು ಹೊರಸು ಹೊತ್ತುಕೊಂಡು ಹೋದರು. ದತ್ತಾತ್ರೇಯ ಊರ ದೇವರಿಗೆಲ್ಲ ಕಾಯಿ ಒಡೆಸಿದ. ಇಪ್ಪತ್ತೆರಡು ದಿನ ಬಿಟ್ಟು ಹೊರಸು ಮತ್ತೆ ಬಂತು.

ಎರಡನೆಯ ಸಲಕ್ಕೆ ಆತ ಇನ್ನೊಂದು ಪಂಚಾಂಗ ತರಿಸಿದ್ದ. ರಾಯರದು ಒಂದು ಊರಿನಲ್ಲಿ ಅಚ್ಚಾದದ್ದು, ಇವನದು ಬೇರೊಂದು ಊರಿನದು. ಎರಡರ ಲೆಕ್ಕಕ್ಕೂ ಅರ್ಧ ದಿನದ ಅಂತರ. ಇವನ ಪಂಚಾಂಗದಂತೆ ಪಂಚಕ ತಡವಾಗಿ ಹಿಡಿದು ಬೇಗ ಬಿಡುತ್ತಿತ್ತು. ಇಬ್ಬರೂ ಒಂದೊಂದು ಪಂಚಾಂಗ ಹಿಡಿದು ಕಟ್ಟೆಯ ಮೇಲೆ ಕೂತು ಚಂದ್ರ ಈಗ ಎಲ್ಲಿದ್ದಾನೆಂದು ಜಗಳಾಡುವುದನ್ನು ನೋಡಲು ಜನ ಕೂಡುತ್ತಿತ್ತು. ಚಂದ್ರನನ್ನು ತಲೆ ಎತ್ತಿ ನೋಡಿದವರು ಮಾತ್ರ ಯಾರೂ ಇರಲಿಲ್ಲ.

ಇತ್ತ ಖೋಲಿಯಲ್ಲಿ ಬೇರೆಯೇ ನಡೆದಿತ್ತು. ತನ್ನ ಮನೆಯಲ್ಲಿ ಮಥುರಾಬಾಯಿಯ ಹಾಸಿಗೆ ಜೋಳದ ಚೀಲಗಳ ಹಿಂದೆ ಇತ್ತಂತೆ. ನೆನಪಾದವರು ಗಂಜಿ ಕೊಡುತ್ತಿದ್ದರಂತೆ. ಇಲ್ಲಿ ಶುಭದಾ ತನ್ನ ತಾಟು ತಂದು ಹೊರಸಿನ ಪಕ್ಕದಲ್ಲೇ ಉಣ್ಣುತ್ತಿದ್ದಳು. ಅಜ್ಜಿ ಒಂಬತ್ತು ಹೆತ್ತವಳು, ಅದರಲ್ಲಿ ಐದನ್ನು ಕಳೆದುಕೊಂಡವಳು. ಆಕೆ ಶುಭದಾಳ ಹೊಟ್ಟೆಯ ಮೇಲೆ ಕೈಯಿಟ್ಟು, ಎಡಕ್ಕೆ ಮಲಗು, ತುಪ್ಪ ಹೆಚ್ಚು ಹಾಕಿಕೊ, ಏಣಿ ಹತ್ತಬೇಡ ಎನ್ನುತ್ತಿದ್ದಳು. ಹೋದ ಮಕ್ಕಳ ಹೆಸರು ಕೇಳುತ್ತಿದ್ದಳು. ಆ ಹೆಸರುಗಳನ್ನು ಅಲ್ಲಿಯತನಕ ಯಾರೂ ಕೇಳಿರಲಿಲ್ಲ, ದತ್ತಾತ್ರೇಯನೂ ಬಾಯಿಗೆ ತರುತ್ತಿರಲಿಲ್ಲ. ಮೂರನೆಯ ಸಲ ಹೊರಸು ಬಂದ ದಿನ ನಾನು ಹೋದಾಗ ಖೋಲಿಯೊಳಗಿಂದ ಶುಭದಾಳ ಮಾತು ಕೇಳಿಸಿತು. ಒಂದೇ ಸವನೆ ಏನನ್ನೋ ಹೇಳುತ್ತಿದ್ದಳು. ಹೊಸ್ತಿಲಲ್ಲಿ ರಾಚಪ್ಪ ತೂಕಡಿಸುತ್ತಿದ್ದ, ದತ್ತಾತ್ರೇಯ ಗೋಡೆಗೆ ಒರಗಿ ನಿಂತು ಕೇಳುತ್ತಿದ್ದ. ನನ್ನನ್ನು ಕಂಡು ಸುಮ್ಮನಿರೆಂದು ಕೈಮಾಡಿದ.

ಆ ಸಲ ಆರನೆಯ ದಿನ ಆಳುಗಳು ಬಂದಾಗ ಅಜ್ಜಿ ಬಾಗಿಲ ಚೌಕಟ್ಟು ಗಟ್ಟಿಯಾಗಿ ಹಿಡಿದುಕೊಂಡಳು. "ದತ್ತೂ, ಪಂಚಕ ಆರು ದಿವಸ ಮಾಡಲಿಕ್ಕೆ ಬರೂದಿಲ್ಲೇನು?" ಎಂದು ಕೇಳಿದಳು. ಜಗಳಕ್ಕೆಂದು ರಾಯರ ಪಂಚಾಂಗದ್ದೂ ಒಂದು ಪ್ರತಿ ಕೊಂಡಿಟ್ಟಿದ್ದ ದತ್ತಾತ್ರೇಯ ಒಳಗೆ ಹೋಗಿ ಎರಡನ್ನೂ ತಂದ. ತನ್ನದನ್ನು ಮಡಚಿ ಕಂಕುಳಲ್ಲಿಟ್ಟುಕೊಂಡು ರಾಯರದ್ದನ್ನು ತೆರೆದು, ಪಂಚಕ ಇನ್ನೂ ಸಂಜೆಯವರೆಗೆ ಇದೆ, ಈಗ ಒಯ್ಯಬೇಡಿ ಎಂದು ಆಳುಗಳನ್ನು ವಾಪಸು ಕಳಿಸಿದ. ಇದಕ್ಕೂ ಓಣಿ ನಕ್ಕಿತು. ನನಗೆ ಅಷ್ಟು ನಗೆ ಬರಲಿಲ್ಲ.

ನಾಲ್ಕನೆಯ ಪಂಚಕದ ಮೂರನೆಯ ದಿನ ಬೆಳಿಗ್ಗೆ ಶುಭದಾಗೆ ಬ್ಯಾನೆ ಸುರುವಾದವು. ಸೂಲಗಿತ್ತಿ ಭಾಗವ್ವ ಬಂದು ಒಳಮನೆಯ ಕದ ಹಾಕಿಕೊಂಡಳು. ಮಧ್ಯಾಹ್ನವಾದರೂ ಕೂಸು ಬರಲಿಲ್ಲ. ಒಳಗಿನ ಚೀರು ರಸ್ತೆಗೆ ಕೇಳಿಸುತ್ತಿತ್ತು. ದತ್ತಾತ್ರೇಯ ಕಚೇರಿಗೆ ರಾಚಪ್ಪನನ್ನು ಓಡಿಸಿದ್ದ, ನಾನು ಬರೆಯುತ್ತಿದ್ದ ಹಾಳೆಯನ್ನು ಅಲ್ಲೇ ಬಿಟ್ಟು ಬಂದೆ. ಮುಂದಿನ ಖೋಲಿಯಲ್ಲಿ ಮಥುರಾಬಾಯಿಯ ಉಸಿರು ಬದಲಾಗಿತ್ತು. ಅರಳೆ ಹಿಡಿದು ನೋಡುವ ಕಾರಣವಿರಲಿಲ್ಲ. ಆಕೆ ದತ್ತಾತ್ರೇಯನ ಕೈ ಹಿಡಿದು ಹತ್ತಿರ ಎಳೆದಳು.

"ನಂದು ಇವತ್ತ ಮುಗೀತದ. ನನ್ನ ನಮ್ಮ ಮನಿಗೆ ಮುಟ್ಟಸು."

ಬೇಡವೆಂದ ದತ್ತಾತ್ರೇಯ. ಇಲ್ಲೇ ಇರಿ ಎಂದ. ಇನ್ನೂ ಎರಡು ದಿನ ಗಟ್ಟಿಯಾಗಿರಿ ಎಂದು ಸಹ ಹೇಳಿದ.

"ಕೂಸು ಬರೂ ಮನಿ ಇದು. ನಾ ಇಲ್ಲಿ ಹೋದ್ರ ನಾಳೆ ಹಸಿ ಬಾಣಂತಿ ರಸ್ತೆಕ್ಕ ಬೀಳ್ತಾಳ. ಅವು ಎರಡು ಹೋಗ್ಯಾವ, ಇದು ಉಳೀಲಿ. ಎತ್ತು ನನ್ನ."

ಎತ್ತಿದೆವು. ರಾಚಪ್ಪ, ದತ್ತಾತ್ರೇಯ, ನಾನು, ಅಕ್ಕಮ್ಮನ ಮೈದುನ ಜಿನ್ನಪ್ಪ. ಅಜ್ಜಿಯ ತೂಕ ಏನೂ ಇರಲಿಲ್ಲ, ಹೊರಸಿನದೇ ತೂಕ. ಆರು ಮನೆಯ ದಾರಿ. ಪ್ರತಿ ಬಾಗಿಲಲ್ಲೂ ಜನ ನಿಂತಿದ್ದರು, ಪಂಚಕದಲ್ಲಿ ಹೊರಸು ತಿರುಗಿ ಹೊರಟದ್ದನ್ನು ಅವರು ಕಂಡಿರಲಿಲ್ಲ. ಕಟ್ಟೆಯ ಮೇಲೆ ಕೂತಿದ್ದ ಪಾಂಡುರಂಗರಾಯರು ನಮ್ಮನ್ನು ನೋಡಿ ಎದ್ದರು, ಒಳಗೆ ಹೋದರು, ಅಗಳಿ ಹಾಕಿದ ಸಪ್ಪಳ ಕೇಳಿಸಿತು.

ಹೊರಸನ್ನು ಕಟ್ಟೆಯ ಮೇಲೆ ಇಳಿಸಿದೆವು. ದತ್ತಾತ್ರೇಯ ಎರಡೂ ಕೈಯಿಂದ ಕದ ಬಡಿದ. ಪಂಚಕ ಮುಗಿಯುವ ತನಕ ಕದ ತೆಗೆಯುವುದಿಲ್ಲ, ತಿರುಗಿ ಒಯ್ಯಿರಿ ಎಂದು ರಾಯರು ಒಳಗಿನಿಂದ ಹೇಳಿದರು. ಅವರ ಹೆಂಡತಿ ಇಂದಿರಾಬಾಯಿ ಅಳುವುದು ಕೇಳಿಸುತ್ತಿತ್ತು. ಒಂದು ಸಲ ಅಗಳಿ ಅಲುಗಿತು, ಮತ್ತೆ ನಿಂತಿತು.

ಮಥುರಾಬಾಯಿ ಕದದ ಕಡೆ ಮುಖ ತಿರುಗಿಸಿದಳು. "ಪಾಂಡೂ," ಎಂದಳು. "ನಾ ಒಂಬತ್ತು ವರ್ಷದಾಕಿ ಇದ್ದಾಗ ಇದ ಬಾಗಲದಾಗ ಸೇರಕ್ಕಿ ಒದ್ದು ಒಳಗ ಬಂದೀನೋ."

ಆಕೆ ನೀರು ಕೇಳಿದಳು. ಆ ಮನೆಯ ನೀರು ಕದದ ಆಚೆ ಇತ್ತು. ಅಕ್ಕಮ್ಮ ತನ್ನ ಮನೆಯಿಂದ ತಂಬಿಗೆ ತಂದಳು, ತಂದು ಹಿಂದೆ ನಿಂತಳು. ಮಡಿ ಅಜ್ಜಿ ಜೈನರ ಮನೆಯ ನೀರು ಕುಡಿಯುವುದುಂಟೇ ಎಂದು ಆಕೆಗೆ ಅನುಮಾನ. ಸೋಸಿದ ನೀರು ಎಂದಷ್ಟೇ ಹೇಳಿದಳು. ಅಜ್ಜಿ ಬಾಯಿ ತೆರೆದಳು. ಎರಡು ಗುಟುಕು ಒಳಗೆ ಹೋಯಿತು, ಮೂರನೆಯದು ಗ‌ಲ್ಲದ ಮೇಲೆ ಹರಿಯಿತು. ನಾನು ಗಡಿಯಾರ ನೋಡಿಕೊಂಡೆ. ಎರಡು ಗಂಟೆ ನಲವತ್ತು ನಿಮಿಷ. ಸಮಯ ನೋಡುವುದು ನನ್ನ ಕೆಲಸ, ಅದಕ್ಕೇ ನೋಡಿದೆ. ಬೇರೆ ಏನು ಮಾಡಬೇಕೆಂದು ನನಗೆ ತಿಳಿಯಲಿಲ್ಲ.

ಆಗ ಕದ ತೆರೆಯಿತು. ರಾಯರು ಹೊರಗೆ ಬಂದು ತಾಯಿಯ ಕಾಲ ಹತ್ತಿರ ಕುಸಿದು ಅತ್ತರು. ಆ ಅಳು ಸುಳ್ಳಾಗಿರಲಿಲ್ಲ, ನಾನು ಹದಿನಾಲ್ಕು ವರ್ಷದಿಂದ ಅಳುವವರನ್ನು ನೋಡಿದವನು. ಆದರೆ ಅತ್ತು ಮುಗಿಸಿ ಅವರು ಮೊದಲು ನೋಡಿದ್ದು ಹೊರಸಿನ ನಾಲ್ಕು ಕಾಲುಗಳು ಎಲ್ಲಿವೆ ಎಂಬುದನ್ನು. ನಾಲ್ಕೂ ಕಟ್ಟೆಯ ಮೇಲಿದ್ದವು.

ಓಣಿಯ ಭಟ್ಟರು ಬಂದರು. ಕಟ್ಟೆ ಮನೆಯ ಭಾಗವಾದರೆ ಮನೆಗೆ ಆರು ತಿಂಗಳು ಬೀಗ, ರಸ್ತೆಯದಾದರೆ ಯಾರಿಗೂ ದೋಷವಿಲ್ಲ ಎಂದರು. ಹೆಣ ಬಿಸಿಲಲ್ಲಿತ್ತು. ಯಾರೋ ಅದರ ಮೇಲೆ ಕೊಡೆ ಹಿಡಿದಿದ್ದರು, ಉಳಿದವರೆಲ್ಲ ಕಟ್ಟೆ ಎಂದರೇನು ಎಂಬ ಚರ್ಚೆಗೆ ಇಳಿದಿದ್ದರು. ಒಬ್ಬ ಮೆಟ್ಟಿಲು ಎಣಿಸಿದ, ಒಬ್ಬ ಮೊಳ ಹಾಕಿದ.

"ಕಟ್ಟಿ ಮನಿ ಅಲ್ಲ," ಎಂದರು ರಾಯರು. "ರಸ್ತೆ."

ದತ್ತಾತ್ರೇಯ ಹುಟ್ಟಿದ ಮೇಲೆ ಒಂದು ಮಾತನ್ನು ನೇರವಾಗಿ ಆಡಿದ್ದು ಆಗಲೇ. "ನಿಮ್ಮ ಅರ್ಜಿ ನನ್ನ ಮೇಜಿನ ಮ್ಯಾಲೆ ಅದ. ಕಟ್ಟಿ ಮ್ಯಾಲೆ ಕೂತಾಂವ ನಮ್ಮ ಮನಿಯೊಳಗ ಕೂತಂಗ ಅಂತ ನೀವ ಬರದೀರಿ. ನಿಮ್ಮ ಸಹಿ ಅದ. ಅವರು ತಮ್ಮ ಮನ್ಯಾಗ ಸತ್ತಾರ."

ರಾಯರು ಒಳಗಿನಿಂದ ಕಾಗದ, ಟಾಕು, ಮಸಿ ತರಿಸಿದರು. ತಾಯಿಯ ಹೊರಸಿನ ಪಕ್ಕದಲ್ಲಿ ಕೂತು, ತೊಡೆಯ ಮೇಲೆ ಕಾಗದ ಇಟ್ಟುಕೊಂಡು, ಅರ್ಜಿ ವಾಪಸು ತೆಗೆದುಕೊಂಡಿದ್ದೇನೆ, ಕಟ್ಟೆ ಸರಕಾರಿ ರಸ್ತೆಯದು ಎಂದು ಬರೆದುಕೊಟ್ಟರು. ಯಾವ ಕಟ್ಟೆಗಾಗಿ ನಾಲ್ಕು ವರ್ಷ ಹೋರಾಡಿದ್ದರೋ ಅದನ್ನು ಮೂರು ಸಾಲಿನಲ್ಲಿ ಬಿಟ್ಟರು. ಅಕ್ಷರ ಮುತ್ತಿನಂತಿತ್ತು.

ಈಗ ನನ್ನ ಸರದಿ. ಮರಣದ ಫಾರ್ಮು ಯಾವಾಗಲೂ ನನ್ನ ಕಿಸೆಯಲ್ಲಿ ಇರುತ್ತದೆ. ಹೆಸರು ಬರೆದೆ, ವಯಸ್ಸು ಬರೆದೆ, ವೇಳೆ ಬರೆದೆ. ಮರಣದ ಸ್ಥಳ ಎಂಬಲ್ಲಿಗೆ ಬಂದು ರಾಯರ ಮುಖ ನೋಡಿದೆ. ರಸ್ತೆ ಎಂದು ಬರೆಯಿರಿ ಎಂದರು. ಹದಿನಾಲ್ಕು ವರ್ಷದಲ್ಲಿ ನಾನು ಆ ಸ್ಥಳದಲ್ಲಿ ರಸ್ತೆ ಎಂದು ಬರೆದದ್ದು ಗುರುತು ಸಿಗದವರಿಗೆ, ಭಿಕ್ಷುಕರಿಗೆ, ಸಂತೆಗೆ ಬಂದು ಬಿದ್ದು ಸತ್ತ ದಿಕ್ಕಿಲ್ಲದವರಿಗೆ. ಟಾಕು ಕಾಗದಕ್ಕೆ ತಾಗಿಸಿ ಹಾಗೇ ಕೂತೆ. ದತ್ತಾತ್ರೇಯ ನನ್ನ ಮಣಿಕಟ್ಟು ಹಿಡಿದ.

"ರಸ್ತೆ ಅಂತ ಬರೀಬ್ಯಾಡ. ನಮ್ಮ ಮನಿ ನಂಬರ ಬರಿ."

ಭಟ್ಟರು ಅವನನ್ನು ಪಕ್ಕಕ್ಕೆ ಕರೆದು, ಹಾಗೆ ಬರೆಸಿದರೆ ದೋಷ ನಿನ್ನ ಮನೆಗೆ ತಗಲುತ್ತದೆ, ಆರು ತಿಂಗಳು ಬಿಡಬೇಕಾಗುತ್ತದೆ, ಒಳಗೆ ಹೆಂಡತಿ ಹೆರಿಗೆಗೆ ಮಲಗಿದ್ದಾಳೆ, ಹಿಂದಿನ ಎರಡು ನೆನಪಿಟ್ಟುಕೊ ಎಂದು ಹೇಳಿದರು. ಅವರು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ಮನೆಗಳು ಮಕ್ಕಳನ್ನು ಕೊಲ್ಲುತ್ತವೆಂದು ಊರಿನಲ್ಲಿ ಎಲ್ಲರಿಗಿಂತ ಹೆಚ್ಚು ನಂಬಿದವನು ದತ್ತಾತ್ರೇಯ. ಆತ ತಿರುಗಿ ಬಂದು ನನ್ನ ಪಕ್ಕದಲ್ಲಿ ಕೂತ.

"ಬರಿ," ಎಂದ.

ಬರೆದೆ. ನನ್ನ ನೌಕರಿಯಲ್ಲಿ ನಾನು ಬರೆದ ಸುಳ್ಳು ಅದೊಂದೇ.

ದತ್ತಾತ್ರೇಯ ಆ ಆರು ಮನೆಯ ದಾರಿಯನ್ನು ಓಡಲಿಲ್ಲ, ನಡೆದ. ಓಡಿ ಹೋಗಿ ಏನು ಕೇಳಬೇಕಾಗುತ್ತದೋ ಎಂಬ ಅಂಜಿಕೆ. ಬಾಗಿಲಲ್ಲಿ ಭಾಗವ್ವ ಕೈ ಒರೆಸಿಕೊಳ್ಳುತ್ತ ನಿಂತಿದ್ದಳು. ಹೆಣ್ಣುಕೂಸು, ಮೂರು ಹೊಡೆದು ಹತ್ತು ನಿಮಿಷಕ್ಕೆ ಆಯಿತು, ಎರಡೂ ಜೀವ ಛಲೋ ಇವೆ ಎಂದಳು. ಆತ ಹೊಸ್ತಿಲಲ್ಲಿ, ರಾಚಪ್ಪ ದಿನಾ ಕೂರುವ ಜಾಗದಲ್ಲಿ ಕೂತುಬಿಟ್ಟ. ಮರುದಿನ ದಫ್ತರದಲ್ಲಿ ಎಡ ಹಾಳೆಯಲ್ಲೊಂದು, ಬಲ ಹಾಳೆಯಲ್ಲೊಂದು ಬರೆದೆ. ಎರಡಕ್ಕೂ ಮನೆ ನಂಬರು ಒಂದೇ.

ಮನೆ ಯಾವಾಗ ಬಿಡುತ್ತೀ ಎಂದು ಭಟ್ಟರು ಹನ್ನೆರಡು ದಿನ ಬಿಟ್ಟು ಬಂದು ಕೇಳಿದರು. ನಿಮ್ಮ ಮನೆಯಲ್ಲಿ ಜಾಗ ಕೊಡುತ್ತೀರೇನು ಎಂದು ಶುಭದಾ ಒಳಗಿನಿಂದಲೇ ಕೇಳಿದಳು. ಭಟ್ಟರು ಬೇರೆ ಕೆಲಸವಿದೆಯೆಂದು ಹೋದರು. ಆರು ತಿಂಗಳು ದತ್ತಾತ್ರೇಯನ ಮನೆಗೆ ಯಾರೂ ಅರಿಷಿಣ ಕುಂಕುಮಕ್ಕೂ ಬರಲಿಲ್ಲ, ಅಕ್ಕಮ್ಮ ಒಬ್ಬಳು ಮಾತ್ರ ಹೊತ್ತು ಮುಳುಗುವುದರೊಳಗೆ ಬಂದು ಹೋಗುತ್ತಿದ್ದಳು. ಅಷ್ಟೂ ದಿನ ದತ್ತಾತ್ರೇಯ ಬೆಳಿಗ್ಗೆ ಎದ್ದು ಮುಖ ತೊಳೆಯದೆ ಒಂದು ಎಳೆ ಅರಳೆ ತಂದು ತೊಟ್ಟಿಲಲ್ಲಿ ಮಲಗಿದ ಕೂಸಿನ ಮೂಗಿಗೆ ಹಿಡಿಯುತ್ತಿದ್ದ. ಹನ್ನೊಂದನೆಯ ದಿನ ಹಿಡಿದ. ನಲವತ್ತನೆಯ ದಿನ ಹಿಡಿದಾಗ ಅವನ ಕೈ ನಿಲ್ಲಲಿಲ್ಲವಂತೆ, ಅರಳೆ ಅಲುಗಿದ್ದು ಉಸಿರಿಗೋ ಕೈ ನಡುಕಕ್ಕೋ ತಿಳಿಯದೆ ಹೆಂಡತಿಯನ್ನು ಎಬ್ಬಿಸಿದನಂತೆ. ಏಳನೆಯ ತಿಂಗಳಲ್ಲಿ ಕೂಸು ಆ ಅರಳೆ ಕಸಿದು ಬಾಯಿಗೆ ಹಾಕಿಕೊಂಡಿತು. ಅದನ್ನು ಬೆರಳು ಹಾಕಿ ತೆಗೆಯುವಷ್ಟರಲ್ಲಿ ಆತನಿಗೆ ಕಚೇರಿಗೆ ತಡವಾಯಿತು.

ಕಟ್ಟೆಯನ್ನು ಸರಕಾರದವರು ಒಂದು ತಿಂಗಳಲ್ಲಿ ಒಡೆದರು. ರಾಯರ ಹೊಸ್ತಿಲು ಈಗ ರಸ್ತೆಯಿಂದ ಎದೆಯ ಎತ್ತರಕ್ಕಿದೆ. ಅವರಿಗೂ ವಯಸ್ಸಾಯಿತು, ಒಳಗೆ ಹೋಗಬೇಕಾದರೆ ಇಬ್ಬರು ಹಿಡಿದು ಎತ್ತಬೇಕು.

ಎರಡು ವರ್ಷದ ಮೇಲೆ ನನಗೂ ಬೇರೆ ಮನೆ ಹುಡುಕುವ ಪಾಳಿ ಬಂತು. ದತ್ತಾತ್ರೇಯನ ವಹಿ ಕೇಳಿ ತೆಗೆದುಕೊಂಡೆ. ಬಾವಿ, ಮಾಳಿಗೆ, ಗೋಡೆ, ಎಲ್ಲವೂ ಹಾಗೇ ಇದ್ದವು. ಈ ಮನೆಯಲ್ಲಿ ಯಾರಾದರೂ ಸತ್ತಿದ್ದಾರೆಯೇ ಎಂಬ ಮೊದಲನೆಯ ಪ್ರಶ್ನೆಯ ಮುಂದೆ, ಪಾಂಡುರಂಗರಾಯರು ಹೇಳಿದ್ದ 'ಇಲ್ಲ' ಎಂಬುದನ್ನು ಹೊಡೆದುಹಾಕಿ, ಅದರ ಕೆಳಗೆ ಹೆಣ್ಣುಕೈಯ ದುಂಡು ಅಕ್ಷರದಲ್ಲಿ ಬರೆದಿತ್ತು: ಹೌದು, ಒಬ್ಬರು, ನಮ್ಮವರು. ಮನೆ ನೋಡಲು ಹೋದಲ್ಲೆಲ್ಲ ನಾನು ಎರಡನೆಯ ಪ್ರಶ್ನೆಯಿಂದ ಸುರು ಮಾಡಿದೆ.